ಐದನೇ ಪುಸ್ತಕದ ಕೊನೆಯ ಪುಟ

ಗರಿಗರಿಯಣ್ಣ ಮತ್ತು ಅವನ ಹೆಂಡತಿಯ ಬಗ್ಗೆ ಯಾರಾದರೂ ಬರೆಯಲೇಬೇಕು. ಒಂದು ಚಿತ್ರದಲ್ಲಿರುವ ಮುಖ ನೋಡಬೇಕು ಎಂದು ಇಷ್ಟು ವರ್ಷ ಕಾದ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಮುಖ ತೋರಿಸಿಯೇ ತೀರುತ್ತೇನೆ ಎಂದು ಹೊರಟು, ಪುಸ್ತಕಕ್ಕೆ ಇಸ್ತ್ರಿ ಹಾಕಿ, ಆಮೇಲೆ ಅದನ್ನು ಐಸ್‌ಕ್ರೀಮ್ ಡಬ್ಬಗಳ ನಡುವೆ ಹೂತಿಟ್ಟ ಗಂಡಸನ್ನಂತೂ ಯಾರೂ ಕಂಡಿರಲಾರರು. ಬೀದಿಯವರು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ನಕ್ಕು ಮರೆಯುವಂಥ ಜನ ಅಲ್ಲ ಅವರು. ಅದಕ್ಕೇ ಬರೆಯುತ್ತಿದ್ದೇನೆ.

ಅವನದು ಇಸ್ತ್ರಿ, ಅವಳದು ಹೊಲಿಗೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಹತ್ತಿರ ಅವಳ ಮಿಷನ್ನು, ಬಾಗಿಲ ಹತ್ತಿರ ಅವನ ಮೇಜು. ಅವನ ಕೈಯಿಂದ ಹೊರಟ ಅಂಗಿಯನ್ನು ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತದೆ. ಅದಕ್ಕೇ ಆ ಹೆಸರು. ಅವಳು ಬೀದಿಗೆಲ್ಲ ಅತ್ತಿಗೆ. ಸುಕ್ಕು ಎಂದರೆ ಗರಿಗರಿಯಣ್ಣನಿಗೆ ಮೈಯೆಲ್ಲ ಉರಿ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರ್ ಮಡಚಿಕೊಂಡಿದ್ದರೆ ಅದನ್ನು ಸರಿಮಾಡದೆ ಇಳಿಯುವುದಿಲ್ಲ. ಈ ಸಮಾಜಸೇವೆಗೆ ಬೈಸಿಕೊಂಡದ್ದೂ ಉಂಟು.

ಮಧ್ಯಾಹ್ನ ಗಿರಾಕಿ ಕಮ್ಮಿಯಾದ ಮೇಲೆ ಅತ್ತಿಗೆ ಮಿಷನ್ನು ಬಿಟ್ಟು ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಪುಸ್ತಕ ಓದುತ್ತಾಳೆ. ಅವನು ಇಸ್ತ್ರಿ ಮಾಡುತ್ತ ಕೇಳುತ್ತಾನೆ. ಓದು ಅವನಿಗೆ ಅಷ್ಟಕ್ಕಷ್ಟೆ, ಕೇಳುವುದರಲ್ಲಿ ಪಂಡಿತ. ಕಥೆಯಲ್ಲಿ ಯುದ್ಧ ಬಂದ ದಿನ ಒಂದೆರಡು ಕಾಲರ್ ಸುಡುವುದು ಖಂಡಿತ. ಹಾಗಾಗಿ ತಿಳಿದ ಗಿರಾಕಿಗಳು ಬಾಗಿಲಲ್ಲೇ ನಿಂತು ಕೇಳುತ್ತಾರೆ: "ಅತ್ತಿಗೆ, ಇವತ್ತು ಕಥೇಲಿ ಜಗಳ ಇದೆಯಾ? ಇದ್ರೆ ಪ್ಯಾಂಟ್ ನಾಳೆ ತರ್ತೀನಿ."

ಅವರಿಬ್ಬರ ಪಾಲಿಗೆ ಜಗತ್ತಿನಲ್ಲಿರುವುದು ಒಬ್ಬನೇ ಲೇಖಕ. ಪುಸ್ತಕದ ಹಿಂದಿನ ಫೋಟೋದಲ್ಲಿ ಎದೆಯವರೆಗೆ ಗಡ್ಡ ಬಿಟ್ಟು ಕೂತಿದ್ದಾನೆ. ಅದಕ್ಕೆ ಗಡ್ಡದಜ್ಜ. ಅಜ್ಜ ಸತ್ತು ಬಹಳ ಕಾಲವಾಯಿತು. ಬರೆದದ್ದು ಐದೇ ಪುಸ್ತಕ, ಐದೂ ಸೇರಿ ಒಂದೇ ಕಥೆ. ಮೋಡ ಮೇಯಿಸುವ ಒಬ್ಬ ಹುಡುಗಿ. ಊರಿನ ಗಾಳಿಯನ್ನೆಲ್ಲ ಕದ್ದು ಬಾವಿಯಲ್ಲಿ ಬಚ್ಚಿಟ್ಟ ಒಬ್ಬ ರಾಜ. ನೆರಳು ಮಾರುವ ಅಂಗಡಿಗಳು, ಮುನಿಸಿಕೊಳ್ಳುವ ಏಣಿಗಳು. ಚಿತ್ರಗಳನ್ನೂ ಅಜ್ಜನೇ ಬರೆದಿದ್ದ. ಆದರೆ ಆ ಚಿತ್ರಗಳು ಮೊದಲ ಮುದ್ರಣದಲ್ಲಿ ಮಾತ್ರ ಇವೆ. ಅಚ್ಚಿನ ಮನೆಗೆ ಬೆಂಕಿ ಬಿದ್ದು ಚಿತ್ರದ ಅಚ್ಚುಗಳೆಲ್ಲ ಹೋದವು. ಆಮೇಲೆ ಬಂದ ಪುಸ್ತಕಗಳಲ್ಲಿ ಬರೀ ಅಕ್ಷರ.

ಮೊದಲ ನಾಲ್ಕು ಪುಸ್ತಕಗಳ ಯಾವ ಚಿತ್ರದಲ್ಲೂ ಆ ಹುಡುಗಿಯ ಮುಖವಿಲ್ಲ. ಬರೀ ಬೆನ್ನು. ಐದನೇ ಪುಸ್ತಕದ ಕೊನೆಯ ಪುಟದಲ್ಲಿ ಅವಳು ತಿರುಗಿ ನೋಡುತ್ತಾಳಂತೆ. ಹಾಗೆಂದು ಕೇಳಿದವರು ಬಹಳ. ನೋಡಿದವರು ಇಲ್ಲ ಎನ್ನುವಷ್ಟು ಕಮ್ಮಿ.

ಅತ್ತಿಗೆ ಚಿಕ್ಕವಳಿದ್ದಾಗ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ನಾಲ್ಕು ಓದಿದ್ದಳು. ಐದನೆಯದನ್ನು ಯಾರೋ ಪುಣ್ಯಾತ್ಮರು ತೆಗೆದುಕೊಂಡು ಹೋಗಿ ತಂದೇ ಕೊಡಲಿಲ್ಲ. ಮದುವೆಯಾದ ಮೇಲೆ ಗಂಡ ಹೆಂಡತಿ ಹುಡುಕಿ ಹುಡುಕಿ ಮೊದಲ ಮುದ್ರಣದ ನಾಲ್ಕನ್ನು ಕೊಂಡರು. ಐದನೆಯದು ಸಿಗಲಿಲ್ಲ. ಹೊಸ ಮುದ್ರಣ ಎಲ್ಲ ಕಡೆ ಸಿಗುತ್ತದೆ. ಅವಳು ಮುಟ್ಟಲಿಲ್ಲ.

"ಕಥೆ ಅದೇ ತಾನೇ? ಓದ್ಬಿಡು" ಎಂದು ಅವನು ಒಮ್ಮೆ ಹೇಳಿದ್ದ.

"ನಾಲ್ಕು ಪುಸ್ತಕ ಅವಳ ಬೆನ್ನು ನೋಡ್ಕೊಂಡು ಹಿಂದಿಂದೆ ನಡೆದಿದೀನಿ. ಅವಳು ತಿರುಗೋವಾಗ ನಾನು ಅಲ್ಲಿರ್ಬೇಕು. ಬರೀ ಅಕ್ಷರ ಇಟ್ಕೊಂಡು ಏನ್ ಮಾಡ್ಲಿ?" ಅಂದಳು.

ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಹೀಗಿರುವಾಗ ಒಂದು ದಿನ ಹಲ್ಲಿನ ಡಾಕ್ಟರು ತಮ್ಮ ಬಿಳಿ ಕೋಟುಗಳನ್ನು ಒಯ್ಯಲು ಬಂದರು. ಅವರಿಗೂ ಅಜ್ಜನ ಪುಸ್ತಕ ಕೂಡಿಡುವ ಹುಚ್ಚು. ಗೋಡೆಯ ಶೆಲ್ಫಿನಲ್ಲಿದ್ದ ನಾಲ್ಕನ್ನು ನೋಡಿ, ಹುಳುಕು ಹಲ್ಲು ನೋಡಿದವರ ಹಾಗೆ ತಲೆ ಆಡಿಸಿದರು.

"ಪರವಾಗಿಲ್ಲ. ಆದ್ರೆ ಸಹಿ ಇಲ್ವಲ್ಲ. ನನ್ನ ನಾಲ್ಕರಲ್ಲೂ ಲೇಖಕರ ಸಹಿ ಇದೆ. ಇನ್ನು ಐದನೇದು ಬಿಡಿ, ನನ್ನಂಥವನಿಗೇ ಸಿಕ್ಕಿಲ್ಲ. ನಿಮಗೆಲ್ಲಿ ಸಿಗುತ್ತೆ?"

ಗರಿಗರಿಯಣ್ಣ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿದ. ರಾಜರು ಕತ್ತಿ ಊರುತ್ತಿದ್ದರಲ್ಲ, ಹಾಗೆ.

"ಡಾಕ್ಟ್ರೇ, ಕೇಳಿಸ್ಕೊಳ್ಳಿ. ಐದನೇದು ಈ ಶೆಲ್ಫಿಗೆ ಬರುತ್ತೆ. ಮೊದಲನೇ ಮುದ್ರಣ, ಚಿತ್ರ ಸಮೇತ. ಅದರಲ್ಲಿ ಸಹೀನೂ ಇರುತ್ತೆ. ಇವಳಿಗೆ ಆ ಮುಖ ತೋರಿಸೋವರೆಗೂ ನಾನು ಇಸ್ತ್ರಿಪೆಟ್ಟಿಗೆ ಮುಟ್ಟಲ್ಲ."

ಅತ್ತಿಗೆ ದಾರ ಕಚ್ಚಿ ತುಂಡು ಮಾಡಿದಳು. "ಮುಟ್ಟದೆ ಇದ್ರೆ ಪುಸ್ತಕ ಕೊಳ್ಳೋದು ಯಾವುದರಲ್ಲಿ?"

"ಮುಟ್ತೀನಿ" ಅಂದ. "ಆದ್ರೆ ಕೋಪದಿಂದ ಮುಟ್ತೀನಿ."

ಅಂದಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡ. ಭಾನುವಾರ ಬಂತೆಂದರೆ ಹಳೇ ಪುಸ್ತಕದಂಗಡಿ, ಹರಾಜು, ಮನೆ ಖಾಲಿ ಮಾಡುವವರ ರದ್ದಿ ಗುಡ್ಡೆ. ಮೊದಲ ಸಲ ಕುಣಿದುಕೊಂಡು ತಂದದ್ದು ಹೊಸ ಮುದ್ರಣ. ಮೊದಲ ಮುದ್ರಣದ ಬೆನ್ನಿನ ಮೇಲೆ ಒಂದು ಬೆಳ್ಳಿ ಮೋಡ ಇರುತ್ತದೆ. ಇದರ ಮೋಡ ಬರೀ ಬಿಳಿ. ಅಂಗಡಿಯವನ ಟ್ಯೂಬ್‌ಲೈಟಿಗೆ ಬಿಳಿಯೂ ಬೆಳ್ಳಿಯಂತೆ ಹೊಳೆದಿತ್ತು. ಎರಡನೇ ಸಲ ತಂದದ್ದು ನಿಜವಾದ ಬೆಳ್ಳಿ ಮೋಡದ್ದೇ. ಆದರೆ ಕೊನೆಯ ಪುಟವನ್ನು ಯಾರೋ ಹರಿದುಕೊಂಡಿದ್ದರು. ಅತ್ತಿಗೆ ಹರಿದ ಅಂಚಿನ ಮೇಲೆ ಬೆರಳಾಡಿಸಿದಳು.

"ಯಾರೋ ಗೋಡೆಗೆ ಅಂಟಿಸ್ಕೊಂಡಿರ್ತಾರೆ, ಪಾಪ" ಎಂದು ಹೇಳಿ ಮಿಷನ್ನಿಗೆ ಹೋಗಿ ಕೂತಳು. ಆ ದಿನ ಓದಲಿಲ್ಲ. ಅವಳು ಬೈದಿದ್ದರೆ ಅವನು ಬಿಟ್ಟುಬಿಡುತ್ತಿದ್ದನೇನೋ. ಬೈಯದಿದ್ದುದರಿಂದ ಪಟ್ಟು ಇನ್ನೂ ಬಿಗಿಯಾಯಿತು.

ಕೊನೆಗೆ ಹೇಳಿ ಕಳಿಸಿದವನು ಆಣೆ ಸಾಹುಕಾರ. ಹಳೇ ಪುಸ್ತಕಗಳ ವ್ಯಾಪಾರಿ. ಆಣೆ ಹಾಕದೆ ಅವನು ಬಾಗಿಲು ಕೂಡ ತೆಗೆಯುವುದಿಲ್ಲ.

"ಬನ್ನಿ ಬನ್ನಿ. ನನ್ನಾಣೆ, ಇಂಥದ್ದು ಈ ಕೈಗೆ ಇನ್ನೊಂದು ಸಲ ಬರಲ್ಲ."

ಬೆಳ್ಳಿ ಮೋಡ ಇತ್ತು. ಚಿತ್ರಗಳಿದ್ದವು. ಹೆಸರಿನ ಪುಟ ತೆರೆದರೆ, ಹೆಸರಿನ ಕೆಳಗೆ ನೀಲಿ ಶಾಯಿಯಲ್ಲಿ ಉದ್ದನೆಯ ಸಹಿ. ಪುಟ ಮಾತ್ರ ಯಾರೋ ಮುಷ್ಟಿಯಲ್ಲಿ ಹಿಂಡಿಟ್ಟ ಹಾಗೆ ಸುಕ್ಕು.

"ಅವರ ಕೈಯಾರೆ ಹಾಕಿದ್ದು. ನಮ್ಮಪ್ಪನಾಣೆ."

"ಕೊನೇ ಪುಟ?"

"ಇದೆ. ನೋಡ್ಕೊಳ್ಳಿ" ಎಂದು ತೆರೆದ. ಗರಿಗರಿಯಣ್ಣ ಥಟ್ಟನೆ ಕಣ್ಣು ಮುಚ್ಚಿಕೊಂಡ.

"ಯಾಕ್ರೀ, ಕಣ್ಣಿಗೇನಾದ್ರೂ ಬಿತ್ತಾ?"

"ಇಲ್ಲ. ನಮ್ಮವಳಿಗಿಂತ ಮುಂಚೆ ನಾನು ನೋಡೋ ಹಾಗಿಲ್ಲ."

ಕಣ್ಣು ಮುಚ್ಚಿಯೇ ಹೆಬ್ಬೆರಳಲ್ಲಿ ಮುಟ್ಟಿ ನೋಡಿದ. ಉಳಿದ ಪುಟಗಳು ಒರಟು ಹತ್ತಿ ಬಟ್ಟೆಯ ಹಾಗೆ. ಕೊನೆಯದು ಕೋಟಿನ ಒಳಗಿನ ಅಸ್ತರಿನ ಹಾಗೆ ನುಣ್ಣಗೆ, ದಪ್ಪಗೆ. ಚಿತ್ರದ ಪುಟವೇ, ಅನುಮಾನವಿಲ್ಲ.

"ಪುಸ್ತಕಕ್ಕೊಂದು ಬೆಲೆ, ಸಹಿಗೊಂದು ಬೆಲೆ" ಅಂದ ಸಾಹುಕಾರ. "ಚೌಕಾಸಿ ಮಾಡೋದಾದ್ರೆ ಮಾಡಿ. ಸಂಜೆ ಹಲ್ಲಿನ ಡಾಕ್ಟರೂ ಬರ್ತೀನಿ ಅಂದಿದಾರೆ."

ಅಲ್ಲಿಗೆ ಚೌಕಾಸಿ ಮುಗಿಯಿತು. ಹಬೆ ಬರುವ ಹೊಸ ಇಸ್ತ್ರಿಪೆಟ್ಟಿಗೆಗೆ ಎಂದು ಕೂಡಿಟ್ಟ ದುಡ್ಡು ಸಾಹುಕಾರನ ಗಲ್ಲಾಪೆಟ್ಟಿಗೆಗೆ ಇಳಿಯಿತು.

ಮನೆಯಲ್ಲಿ ಅತ್ತಿಗೆ ಕೈ ತೊಳೆದಳು, ಒರೆಸಿದಳು, ಯಾಕೋ ಸಾಲದು ಎಂದು ಮತ್ತೆ ತೊಳೆದಳು. ಬೆಳ್ಳಿ ಮೋಡವನ್ನು ಒಂದೇ ಬೆರಳಿನಿಂದ ಮುಟ್ಟಿದಳು.

"ಸಹಿ ನೋಡು, ಸಹಿ."

"ಸಹಿ ಇರ್ಲಿ. ಕೊನೇ ಪುಟ?"

"ಇದೆ. ಮುಟ್ಟಿ ನೋಡಿದೀನಿ."

"ಮುಟ್ಟಿ ಅಷ್ಟೇ ತಾನೇ? ನೋಡಿಲ್ಲ?"

"ನಿನ್ನಾಣೆ."

"ಆ ಅಂಗಡಿಗೆ ಹೋಗಿ ಬಂದು ನಿಮಗೂ ಆಣೆ ಅಂಟ್ಕೊಂಡಿದೆ" ಎಂದು ನಕ್ಕಳು. ಶಾಲೆಯೊಂದಕ್ಕೆ ಹೊಲಿದ ಪರದೆಗಳನ್ನು ಅವತ್ತೇ ಮುಟ್ಟಿಸಬೇಕಿತ್ತು. "ನಾಳೆ ಮಧ್ಯಾಹ್ನ ಶುರು ಮಾಡೋಣ. ಅಲ್ಲೀವರೆಗೂ ಯಾರೂ ತೆಗೆಯೋ ಹಾಗಿಲ್ಲ" ಎಂದು ಗಂಟು ಹೊತ್ತು ಹೊರಟಳು.

ಕೋಣೆಯಲ್ಲಿ ಉಳಿದವರು ಇಬ್ಬರೇ. ಗರಿಗರಿಯಣ್ಣ, ಮತ್ತು ಆ ಸುಕ್ಕು ಪುಟ.

ಅವನು ಇನ್ನೊಂದು ಕಡೆ ನೋಡಿದ. ಒಂದು ಅಂಗಿ ಮುಗಿಸಿದ. ಇನ್ನೊಂದನ್ನು ಮುಗಿಸಿದ. ಅಜ್ಜನ ಸಹಿ, ಅದೂ ಸುಕ್ಕಿನ ಮೇಲೆ, ಅದೂ ಈ ಮನೆಯಲ್ಲಿ. ನಾಳೆ ಡಾಕ್ಟರು ಬಂದು ನೋಡಿದರೆ ಏನೆಂದಾರು? ಇಸ್ತ್ರಿಯವನ ಮನೆಯ ಪುಸ್ತಕ ಎಂದರೆ ಇಸ್ತ್ರಿಯವನ ಮನೆಯದ್ದರ ಹಾಗೆ ಇರಬೇಡವೇ? ಪೆಟ್ಟಿಗೆಯ ಬಿಸಿಯನ್ನು ರೇಷ್ಮೆಗೆ ಇಳಿಸಿದ. ಪುಟದ ಮೇಲೆ ತೆಳು ಬಟ್ಟೆ ಹಾಸಿದ. ಹೂವಿನ ಮೇಲೆ ಕೈಯಾಡಿಸಿದಂತೆ ಒಂದು ಸಲ. ಮೂಲೆ ಒಪ್ಪಲಿಲ್ಲ. ಇನ್ನೊಂದು ಸಲ, ಒಂದು ಚೂರು ಒತ್ತಿ.

ಬಟ್ಟೆ ತೆಗೆದ. ಪುಟ ಈಗ ತಾನೇ ಅಚ್ಚಾದಷ್ಟು ನಯ. ಹೆಸರು ಇತ್ತು. ಸಹಿ ಇರಲಿಲ್ಲ.

ಬಟ್ಟೆಗೆ ಅಂಟಿತೇ ಎಂದು ನೋಡಿದ. ಇಸ್ತ್ರಿಪೆಟ್ಟಿಗೆ ಮಗುಚಿ ನೋಡಿದ. ಕೆಳಗೆ ಬಿತ್ತೇ ಎಂದು ಮೇಜಿನ ಅಡಿಗೂ ನೋಡಿದ. ಸಹಿ ಬೀಳುವಂಥ ವಸ್ತು ಅಲ್ಲ ಎಂಬುದು ಬಗ್ಗಿದ ಮೇಲೆ ಹೊಳೆಯಿತು. ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ, ಮಡಚಿಟ್ಟ ಬೆಡ್‌ಶೀಟುಗಳ ಅಡಿಗೆ ತಳ್ಳಿ, ಅದರ ಮುಂದೆ ಕಾವಲು ನಿಂತ.

ಅತ್ತಿಗೆ ಬಂದಳು. "ಯಾಕ್ರೀ ಹಿಂಗೆ ಬೆವರ್ತಾ ಇದೀರ?"

"ಇಸ್ತ್ರಿ ಬಿಸಿ."

"ಪ್ಲಗ್ಗೇ ಹಾಕಿಲ್ವಲ್ಲ."

"ಆಗ ಹಾಕಿತ್ತು."

"ಪುಸ್ತಕ ಎಲ್ಲಿ?"

"ಮಲಗಿಸಿದೀನಿ."

"ಪುಸ್ತಕಾನಾ?"

"ದಣಿದಿತ್ತು."

ಅವಳು ಬೆಡ್‌ಶೀಟುಗಳ ಅಡಿಗೆ ಕೈ ಹಾಕಿ ಪುಸ್ತಕವನ್ನು ಈಚೆಗೆ ಎಳೆದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಏನೇ ಬಚ್ಚಿಟ್ಟರೂ ಅಲ್ಲೇ ಇಡುತ್ತಾನೆ. ಪುಟ ತೆರೆದಳು. ಅವನು ಗೋಡೆಗೆ ಒರಗಿದ.

"ಅಜ್ಜನ ಸಹಿ ಸುಟ್ಟುಬಿಟ್ಟೆ ಕಣೇ."

ಅವಳು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಮೂಸಿದಳು. ಆಮೇಲೆ ಮಿಷನ್ನಿನ ಡ್ರಾದಿಂದ ಬಟ್ಟೆಗೆ ಗುರುತು ಹಾಕುವ ಪೆನ್ನು ತಂದು, ಒಂದು ಚಿಂದಿಯ ಮೇಲೆ ಗೆರೆ ಎಳೆದಳು.

"ಇಸ್ತ್ರಿ ಹಾಕಿ."

ಹಾಕಿದ. ಗೆರೆ ಮಾಯ.

"ದಿನಾ ನಾನು ಪ್ಯಾಂಟಿನ ಮೇಲೆ ಗೆರೆ ಎಳೀತೀನಿ, ನೀವು ಇಸ್ತ್ರಿ ಹಾಕ್ತೀರ. ಆ ಗೆರೆ ಎಲ್ಲಿ ಹೋಗುತ್ತೆ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀರಾ?"

"ಅದು ನಿನ್ನ ಕಡೆ ವ್ಯವಹಾರ ಅಂದ್ಕೊಂಡಿದ್ದೆ."

"ಬಿಸಿ ತಾಗಿದ್ರೆ ಹೋಗೋ ಶಾಯಿ ಇದು. ಅಜ್ಜ ಹೋಗಿ ಯಾವ ಕಾಲ ಆಯ್ತು? ನಾನು ಸೀಮೆಸುಣ್ಣ ಬಿಟ್ಟು ಈ ಪೆನ್ನು ತಂದಿದ್ದು ಮೊನ್ನೆ ಮೊನ್ನೆ. ಅಜ್ಜ ಇದ್ದಾಗ ಇಂಥ ಪೆನ್ನು ಎಲ್ಲಿತ್ತು?"

ವಿಷಯ ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಮುಖ ಕೆಂಪಗಾಯಿತು. "ಅಂದ್ರೆ ಸಾಹುಕಾರನೇ ಗೀಚಿದಾನೆ. ಸತ್ತ ಅಪ್ಪನ ಮೇಲೆ ಆಣೆ ಹಾಕಿದನಲ್ಲೇ."

"ಅವರಪ್ಪ ಚೆನ್ನಾಗೇ ಇದಾರೆ, ನೆನ್ನೆ ಚಡ್ಡಿ ಹೊಲಿಸ್ಕೊಂಡು ಹೋದ್ರು. ಹೋಗ್ಲಿ ಬಿಡಿ. ಪುಸ್ತಕ ನಿಜವಾದ್ದೇ. ಚಿತ್ರ ಇದೆ, ನನಗಷ್ಟು ಸಾಕು. ನಾಳೆ ಓದೋಣ."

"ಬಿಡೋ ಮಾತೇ ಇಲ್ಲ. ಸಹಿಗೆ ಕೊಟ್ಟ ದುಡ್ಡು ಅವನ ಕೈಯಿಂದ ಕಕ್ಕಿಸ್ತೀನಿ."

"ಏನ್ ತೋರಿಸಿ ಕಕ್ಕಿಸ್ತೀರ? ಸಹಿ ಅಳಿಸಿದೋರು ನೀವೇ."

ಆಗ ಅವಳು ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳಿಗೆ ನಗು ಬಂತು. "ಆ ಕೋಲ್ಡ್ ಸ್ಟೋರೇಜಿನ ಕಾವಲುಗಾರರ ಕೋಟು ನೆನಪಿದೆಯಾ? ಹೊಲಿದು, ಗೆರೆ ಅಳಿಸಿ ಕೊಟ್ಟಿದ್ವಿ. ಒಳಗೆ ಚಳಿಗೆ ಹೋಗಿ ನಿಂತ ತಕ್ಷಣ ಬೆನ್ನ ಮೇಲೆಲ್ಲ ಗೆರೆ ಎದ್ದು ಬಂದ್ವಂತೆ. ಊರಿನ ನಕ್ಷೆ ಹೊತ್ಕೊಂಡು ಬಂದೋರ ಹಾಗೆ ಬಂದು ಬೈದ್ರಲ್ಲ."

ಹೇಳಿ ಮುಗಿಸುವಷ್ಟರಲ್ಲಿ ತಪ್ಪಿನ ಅರಿವಾಯಿತು. ಅವನ ಕಣ್ಣು ಹೊಳೆಯುತ್ತಿತ್ತು.

"ಚಳಿಗೆ ವಾಪಸ್ ಬರುತ್ತೆ."

"ರೀ, ಬೇಡ. ಪುಸ್ತಕ ಐಸ್‌ಕ್ರೀಮ್ ಅಲ್ಲ."

"ನಿನ್ನ ತಮ್ಮನ ಐಸ್‌ಕ್ರೀಮ್ ಅಂಗಡೀಲಿ ನೀರು ಕಲ್ಲಾಗೋವಂಥ ಫ್ರೀಜರ್ ಇದೆ."

"ಕೊನೇ ಪುಟ ನುಣುಪು ಕಾಗದ. ಒದ್ದೆಯಾದ್ರೆ ಅಂಟ್ಕೊಳ್ಳುತ್ತೆ. ಇಡೋದೇ ಆದ್ರೆ ಭದ್ರವಾಗಿ ಪ್ಲಾಸ್ಟಿಕ್ ಸುತ್ತಿ ಇಡಿ, ಒಂದೇ ಸಲ ತೆಗೀರಿ. ತೆಗೆದ ಮೇಲೂ ಚಳಿ ಪೂರ್ತಿ ಇಳಿಯೋವರೆಗೂ ಬಿಚ್ಚಬೇಡಿ."

"ಒದ್ದೆ ಅಂದ್ರೆ ಏನು ಅಂತ ನನಗೆ ಹೇಳ್ಕೊಡ್ತೀಯಾ? ನೀರು ಚಿಮುಕಿಸೋದರಲ್ಲೇ ನನ್ನ ಜೀವನ ಕಳೆದಿದೆ."

ಮರುದಿನ ಬೆಳಿಗ್ಗೆ ಭಾಮೈದ ಫ್ರೀಜರಿನ ಮೂಲೆಯಲ್ಲಿ ಜಾಗ ಮಾಡಿಕೊಟ್ಟ. ಗರಿಗರಿಯಣ್ಣ ಪುಸ್ತಕಕ್ಕೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿ, ಒಳಗಿಟ್ಟು, ಮುಚ್ಚಳ ಹಾಕಿದ. ಸ್ವಲ್ಪ ಹೊತ್ತು ಕೂತ. ಎದ್ದ. ಮುಚ್ಚಳ ತೆಗೆದ. ದಾರ ಬಿಚ್ಚಿದ. ಇನ್ನೂ ಇಲ್ಲ. ಕಟ್ಟಿದ. ಇಟ್ಟ. ಕೂತ. ಎದ್ದ.

"ಭಾವ, ಅಕ್ಕ ಒಂದೇ ಸಲ ತೆಗೀಬೇಕು ಅಂದಿದ್ಲಲ್ಲ."

"ಅವಳು ಹೇಳ್ತಾಳೆ. ಇಲ್ಲಿ ಕಾಯ್ತಾ ಇರೋನು ನಾನು."

"ತೆಗೆದು ತೆಗೆದು ನನ್ನ ಮಾಲೆಲ್ಲ ನೀರಾಗ್ತಾ ಇದೆ."

"ಆಮೇಲೆ ಗಟ್ಟಿ ಆಗುತ್ತೆ ಬಿಡೋ."

ಐಸ್‌ಕ್ರೀಮ್ ಕೊಳ್ಳಲು ಬಂದ ಒಬ್ಬ ಹೆಂಗಸು ಅವನ ಕೈಯಲ್ಲಿದ್ದ ಪೊಟ್ಟಣ ನೋಡಿ, "ಅದು ಹೊಸದಾ? ಎಷ್ಟು?" ಎಂದು ಕೇಳಿದಳು. ಇಷ್ಟರಲ್ಲಿ ಮೇಲಿನ ಪ್ಲಾಸ್ಟಿಕ್ ಹರಿದ ಕಾರಣ ಎಸೆದಾಗಿತ್ತು. ಒಳಗಿನದಕ್ಕೆ ದಾರ ಕಟ್ಟುವುದನ್ನೂ ಬಿಟ್ಟಾಗಿತ್ತು.

ಕೊನೆಗೊಮ್ಮೆ ತೆರೆದಾಗ ಸಹಿ ಬಂದಿತ್ತು. ಗರಿಗರಿಯಣ್ಣ ಕೂಗಬೇಕೆಂದು ಬಾಯಿ ತೆರೆದವನು ಹಾಗೇ ನಿಂತ. ಸಹಿಯ ಪಕ್ಕದಲ್ಲಿ ಇನ್ನೊಂದು ಸಹಿ ಏಳುತ್ತಿತ್ತು. ಅದರ ಕೆಳಗೆ ಮತ್ತೊಂದು. ಮೇಲೆ ಎರಡು, ಅಂಚಿನಲ್ಲಿ ಒಂದು ಅಡ್ಡಡ್ಡ. ಒಂದು ನಡುಗುವ ಕೈಯದ್ದು, ಒಂದು ಅವಸರದ್ದು, ಒಂದಕ್ಕೆ ಬಾಲ ಉದ್ದವಾಗಿ ಪುಟ ಸಾಲದೆ ವಾಪಸ್ ತಿರುಗಿತ್ತು. ಸಾಹುಕಾರ ಆ ಪುಟದ ಮೇಲೇ ಬರೆದು, ಬಿಸಿ ಮಾಡಿ ಅಳಿಸಿ, ಮತ್ತೆ ಬರೆದು ಕೈ ಕೂರಿಸಿಕೊಂಡಿದ್ದ. ಪುಟ ಹಾಗೆ ಮುರುಟಿದ್ದು ಯಾಕೆಂದು ಈಗ ಅರ್ಥವಾಯಿತು.

"ಭಾವ, ಇದು ಸಹಿ ಅಲ್ಲ, ಹಾಜರಿ" ಅಂದ ಭಾಮೈದ.

ಗರಿಗರಿಯಣ್ಣ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು, ಮಟಮಟ ಬಿಸಿಲಿನಲ್ಲಿ, ದಂಡಯಾತ್ರೆಗೆ ಹೊರಟ ದೊರೆಯಂತೆ ನಡೆದ. ಪುಸ್ತಕದಿಂದ ತೊಟತೊಟ ನೀರು ಇಳಿಯುತ್ತಿತ್ತು. ಅಂಗಿಯ ಪಕ್ಕೆ ಒದ್ದೆಯಾಯಿತು. ಬೆವರು ಅಂದುಕೊಂಡ.

ಸಾಹುಕಾರ ಪುಟ ನೋಡಿದ. ಮುಖ ಬಿಳುಚಿಕೊಂಡಿತು. ಆದರೂ ವ್ಯಾಪಾರಿ ವ್ಯಾಪಾರಿಯೇ.

"ನೋಡಿ, ದೊಡ್ಡೋರು. ಪ್ರೀತಿ ಉಕ್ಕಿದ್ರೆ ನಾಲ್ಕು ಸಲ ಜಾಸ್ತಿ ಹಾಕ್ತಾರೆ."

"ನಿನ್ನೆ ಒಂದೇ ಇತ್ತು."

"ಮಿಕ್ಕಿದ್ದು ನಿಮ್ಮ ಮನೇಲಿ ಹುಟ್ಟಿರ್ಬೇಕು."

"ಡಾಕ್ಟರನ್ನ ಕರೀಲಾ? ಸಹಿ ಇರೋ ಅವರ ನಾಲ್ಕನ್ನೂ ಮಾರಿದ್ದು ನೀನೇ ತಾನೇ?"

ಈ ಮಾತಿಗೆ ಸಾಹುಕಾರನ ಹತ್ತಿರ ಯಾವ ಆಣೆಯೂ ಇರಲಿಲ್ಲ. ಸಹಿಯ ದುಡ್ಡನ್ನು ಎಣಿಸಿ ಮೇಜಿನ ಮೇಲಿಟ್ಟ.

ಆದರೂ ಸುದ್ದಿ ಡಾಕ್ಟರನ್ನು ಮುಟ್ಟಿತು. ಲೋಕಕ್ಕೆಲ್ಲ ಐಸ್‌ಕ್ರೀಮ್ ತಿನ್ನಬೇಡಿ ಎಂದು ಹೇಳುವ ಆ ಮನುಷ್ಯ, ಭಾರದ ಚೀಲ ಹಿಡಿದು ಭಾಮೈದನ ಅಂಗಡಿಗೆ ಹೋದದ್ದನ್ನು ನಾವೆಲ್ಲ ಕಂಡೆವು. ಚೀಲದಲ್ಲಿದ್ದ ನಾಲ್ಕರಲ್ಲಿ ಏನು ಎದ್ದು ಬಂತೋ ಅವರು ಹೇಳಲಿಲ್ಲ. ಸಾಹುಕಾರನಿಗೆ ಹಲ್ಲು ನೋವು ಬಂದರೆ ಮಾತ್ರ ಈಗ ಬೇರೆ ಡಾಕ್ಟರನ್ನು ಹುಡುಕಿಕೊಳ್ಳಬೇಕು.

ಗರಿಗರಿಯಣ್ಣ ಮನೆಗೆ ಬಂದ ಗತ್ತನ್ನು ನೀವು ನೋಡಬೇಕಿತ್ತು. ದುಡ್ಡನ್ನು ಇಸ್ತ್ರಿ ಮೇಜಿನ ಮೇಲೆ ಹರಡಿದ. ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟ. ಅತ್ತಿಗೆ ದುಡ್ಡಿನ ಕಡೆ ನೋಡಲಿಲ್ಲ. ಸಹಿಗಳ ಪುಟವನ್ನೂ ತೆರೆಯಲಿಲ್ಲ. ಪುಸ್ತಕವನ್ನು ಬೆನ್ನಿನ ಕಡೆಯಿಂದ ಹಿಡಿದು, ಕಣ್ಣು ಬೇರೆ ಕಡೆ ಇಟ್ಟು, ಕೊನೆಯ ಹಾಳೆಗಳ ಅಂಚನ್ನು ಬೆರಳಲ್ಲಿ ಎಣಿಸುವಂತೆ ಸವರಿದಳು. ಮತ್ತೆ ಸವರಿದಳು.

"ಕೊನೇ ಪುಟ ರಟ್ಟಿಗೆ ಅಂಟಿದೆ" ಅಂದಳು.

ಅವನು ಅಂಗಿಯ ಒದ್ದೆ ಪಕ್ಕೆಯನ್ನು ಮುಟ್ಟಿ ನೋಡಿಕೊಂಡ.

"ಎಷ್ಟು ಸಲ ತೆಗೆದ್ರಿ?"

ಅವನು ಬೆರಳೆಣಿಸತೊಡಗಿ, ಎರಡನೇ ಕೈಗೆ ಬಂದು ನಿಲ್ಲಿಸಿದ.

"ಗೆದ್ದು ಬಂದ್ರಲ್ಲ, ಬಿಡಿ" ಎಂದು ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟು, ಹೋಗಿ ಮಿಷನ್ನಿನ ಮುಂದೆ ಕೂತಳು. ಹೊಲಿಯಲಿಲ್ಲ. ಸುಮ್ಮನೆ ಚಕ್ರದ ಮೇಲೆ ಕೈ ಇಟ್ಟುಕೊಂಡಿದ್ದಳು.

ಅವನಿಗೆ ಆ ಕ್ಷಣ ಮೇಜಿನ ಮೇಲಿದ್ದ ದುಡ್ಡು ಕಂಡರೆ ಹೇಸಿಗೆಯಾಯಿತು. ಆದರೆ ಕೈ ಕಟ್ಟಿ ಕೂರುವ ಜಾತಿ ಅಲ್ಲ ಅವನು. ಬಾಗಿಲು ಮುಂದೆ ಮಾಡಿದ. ಕೆಟಲಿನಲ್ಲಿ ನೀರು ಕುದಿಯಲು ಇಟ್ಟ.

"ಕಾಗದ ಇನ್ನೂ ಒದ್ದೆ ಇದೆ. ಒಣಗಿದ್ರೆ ಕೆಲಸ ಕೆಡ್ತಿತ್ತು. ಈಗ ಬಿಡಿಸಬಹುದು" ಅಂದ. "ನಿನ್ನ ಬಿದಿರು ಕಡ್ಡಿ ಕೊಡು."

ಕಾಲರಿನ ಮೂಲೆಗಳನ್ನು ಚೂಪಾಗಿ ಹೊರಗೆ ತಿರುಗಿಸುವ ಚಪ್ಪಟೆ ಕಡ್ಡಿ ಅದು. ಅವಳು ತಂದುಕೊಟ್ಟಳು.

"ಹರಿದ್ರೆ?"

"ಹರಿಯಲ್ಲ."

"ಆಣೆ ಹಾಕಲ್ವಾ?"

"ಇಲ್ಲ" ಅಂದ. "ಕೆಲಸ ಮಾಡ್ತೀನಿ."

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. "ಬಿಡಿಸೋವಾಗ ಚಿತ್ರ ಕಾಣುತ್ತೆ."

"ಕಾಣುತ್ತೆ."

"ನಾನು ನೋಡಲ್ಲ. ಓದ್ಕೊಂಡು ಹೋಗಿ, ಅವಳು ತಿರುಗೋ ಜಾಗದಲ್ಲೇ ನೋಡ್ತೀನಿ." ಸ್ಟೂಲನ್ನು ಗೋಡೆಗೆ ಎಳೆದುಕೊಂಡು, ಅವನಿಗೆ ಬೆನ್ನು ಹಾಕಿ ಕೂತಳು.

ಕೆಟಲಿನ ಹಬೆಯನ್ನು ಬಟ್ಟೆಗೆ ಹಿಡಿದು, ಆ ಬೆಚ್ಚನೆಯ ಬಟ್ಟೆಯನ್ನು ರಟ್ಟಿನ ಅಂಚಿಗೆ ಒತ್ತಿದ. ಕಡ್ಡಿಯ ತುದಿ ಒಂದು ಕೂದಲೆಳೆ ಒಳಗೆ ಹೋಯಿತು. ನಿಲ್ಲಿಸಿದ. ಮತ್ತೆ ಬಟ್ಟೆ, ಮತ್ತೆ ಕಡ್ಡಿ. ಬೆಳಿಗ್ಗೆ ಫ್ರೀಜರಿನ ಮುಂದೆ ಒಂದು ಗಳಿಗೆ ತಡೆಯಲಾರದ ಮನುಷ್ಯ ಇವನೇ ಎಂದರೆ ಯಾರೂ ನಂಬುವಂತಿರಲಿಲ್ಲ. ಹೊರಗೆ ಯಾರೋ ಬಾಗಿಲು ಬಡಿದು ಅಂಗಿ ಕೇಳಿದರು. ಇಬ್ಬರೂ ಓಗೊಡಲಿಲ್ಲ. ಬಡಿದವನು ನಾನೇ.

"ಬಂತಾ?" ಅವಳು ಗೋಡೆಗೆ ಕೇಳಿದಳು.

"ಅರ್ಧ."

ಕೆಟಲಿಗೆ ಇನ್ನೊಂದು ಸಲ ನೀರು ತುಂಬಿಸಿದ ಮೇಲೆ ಹಾಳೆ ಒಂದು ಸಣ್ಣ ಸದ್ದು ಮಾಡಿ ರಟ್ಟಿನಿಂದ ಬಿಟ್ಟುಕೊಂಡಿತು. ಆಮೇಲೆ ಅವನ ಕಡೆಯಿಂದ ಯಾವ ಸದ್ದೂ ಇಲ್ಲ.

"ಏನಾಯ್ತು? ಹರೀತಾ?"

"ಇಲ್ಲ."

"ಮುಖ?"

"ಇದೆ. ಪೂರ್ತಿ ಇದೆ. ಅವಳು..."

"ಹೇಳಬೇಡಿ" ಅಂದಳು ಅತ್ತಿಗೆ, ಗೋಡೆಯ ಕಡೆಗೇ.

ಅವನು ಹಾಳೆಯ ಮೇಲೆ ತೆಳು ಬಟ್ಟೆ ಮುಚ್ಚಿ, ಒಣಗಲು ಬಿಟ್ಟು, "ತಿರುಗು" ಅಂದ. ಅವಳು ತಿರುಗಿ, ಪುಸ್ತಕಕ್ಕಿಂತ ಮೊದಲು ಅವನ ಮುಖ ನೋಡಿದಳು. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿದಿರಲಿಲ್ಲ. ಅವಳು ತಟ್ಟನೆ ಕಣ್ಣು ಮುಚ್ಚಿಕೊಂಡಳು.

"ಎಲ್ಲಾ ನಿಮ್ಮ ಮುಖದ ಮೇಲೇ ಬರೆದಿದೆ. ಆ ಕಡೆ ತಿರುಗಿ."

ಅಂದಿನಿಂದ ಇಸ್ತ್ರಿ ಮೇಜು ಗೋಡೆಗೆ ತಿರುಗಿದೆ. ಆದರೂ ಗರಿಗರಿಯಣ್ಣ ಧೈರ್ಯ ತಂದುಕೊಂಡಿದ್ದ. ಎಷ್ಟು ದಿನ ಇದೆಲ್ಲ? ಪುಸ್ತಕ ಒಣಗಬೇಕು, ಅವಳು ಓದಿ ಮುಗಿಸಬೇಕು, ಅಷ್ಟೇ. ಅಲ್ಲಿಯವರೆಗೆ ಹಲ್ಲು ಕಚ್ಚಿ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಗಂಡಸಿಗೆ ಏನು ಮಹಾ? ಪುಸ್ತಕ ಒಣಗಿತು. ಮಧ್ಯಾಹ್ನವಾಯಿತು. ಅತ್ತಿಗೆ ಕೈ ತೊಳೆದು ಶೆಲ್ಫಿನ ಮುಂದೆ ನಿಂತಳು. ಐದನೆಯದನ್ನು ದಾಟಿ ಅವಳ ಕೈ ಮುಂದೆ ಹೋಯಿತು.

"ಅದಲ್ಲ ಕಣೇ, ಬೆಳ್ಳಿ ಮೋಡದ್ದು ಈ ಕಡೆ ಇದೆ" ಅಂದ, ಗೋಡೆಗೆ ಮುಖ ಮಾಡಿ, ಓರೆಗಣ್ಣಲ್ಲಿ ನೋಡುತ್ತ.

"ಎಲ್ಲದರ ಮೇಲೂ ಬೆಳ್ಳಿ ಮೋಡಾನೇ ಇದೆ. ನಾಲ್ಕು ಓದಿ ಎಷ್ಟು ಕಾಲ ಆಯ್ತು. ಅರ್ಧಂಬರ್ಧ ನೆನಪಿಟ್ಕೊಂಡು ಅವಳ ಮುಂದೆ ಹೋಗಿ ನಿಲ್ಲಲಾ?" ಎಂದು ಮೊದಲನೇ ಪುಸ್ತಕ ತೆಗೆದು ಸ್ಟೂಲಿನ ಮೇಲೆ ಕೂತಳು. "ಮೊದಲಿನಿಂದ ಓದ್ಕೊಂಡು ಹೋಗೋಣ. ನಿಧಾನಕ್ಕೆ. ಅವಸರ ಮಾಡಿದ್ದರ ಫಲ ನೋಡಿದ್ವಲ್ಲ."

ಗೋಡೆಯ ಕಡೆಯಿಂದ ಒಂದು ಉಸಿರು ಮಾತ್ರ ಕೇಳಿಸಿತು.

ನಾನೂ ಕೇಳಿ ನೋಡಿದ್ದೇನೆ. ಅತ್ತಿಗೆ ಒಳಗೆ ಹೋಗಿದ್ದಾಗ, ಮೆಲ್ಲಗೆ, ಮುಖ ಹೇಗಿದೆ ಅಣ್ಣ ಅಂದೆ. ಅವನ ಭುಜ ಎರಡು ಸಲ ಅಲುಗಿತು. ಬಾಯಿ ಬಿಡಲಿಲ್ಲ.

ನೀವೂ ಒಂದು ಸಲ ಹೋಗಿ. ಮಧ್ಯಾಹ್ನದ ಹೊತ್ತು ಹೋಗಿ, ಒಂದೆರಡು ಅಂಗಿ ತೆಗೆದುಕೊಂಡು ಹೋಗಿ. ಅತ್ತಿಗೆ ಓದುತ್ತಿದ್ದರೆ ಅಡ್ಡ ಬರಬೇಡಿ. ಕೂರಲು ಜಾಗ ಇದೆ, ಕೂತು ಕೇಳಿ. ಗರಿಗರಿಯಣ್ಣನ ಬೆನ್ನಿಗೇ ನಮಸ್ಕಾರ ಹೇಳಿ, ತಪ್ಪು ತಿಳಿಯುವುದಿಲ್ಲ. ಆ ಮುಖದ ವಿಷಯ ಮಾತ್ರ ಅವನನ್ನು ಕೇಳಬೇಡಿ. ಪಾಪ, ಅವರು ಇನ್ನೂ ಎರಡನೇ ಪುಸ್ತಕದಲ್ಲಿದ್ದಾರೆ.